ಆರು ಲೇತು, ಒಂದು ಡಿಸ್ಕು

ಗುಜರಿಯವರು ಲೇತುಗಳನ್ನು ನೋಡಲು ಬಂದ ದಿನ ನಾನು ವರ್ಕ್‌ಶಾಪಿನ ಬಾಗಿಲಿಗೆ ಅಡ್ಡ ನಿಂತೆ.

"ನೋಡೋಕೆ ಬಂದಿದ್ದೀರಾ, ನೋಡಿ. ಮುಟ್ಟಬೇಡಿ," ಅಂದೆ.

ಅವರು ಪಾಪ ಒಳ್ಳೆಯ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಬಂದು ಆರೂ ಲೇತುಗಳ ಸುತ್ತ ಒಂದು ಸುತ್ತು ಹಾಕಿದರು. ಒಂದರ ಬೆನ್ನಿನ ಮೇಲೆ ಕೈಯಿಡಲು ಹೋಗಿ, ನನ್ನ ಮುಖ ನೋಡಿ ಹಿಂದೆ ತೆಗೆದುಕೊಂಡರು. "ಒಳ್ಳೇ ಬೀಡು ಕಬ್ಬಿಣ ಮೇಡಂ. ಈಗಿನ ಮಿಷಿನ್‌ಗಳಲ್ಲಿ ಇಂಥಾ ಎರಕ ಬರಲ್ಲ," ಅಂದರು.

"ಅದಕ್ಕೇ ಕೊಡಲ್ಲ."

ಕರೆಸಿದ್ದು ನಾನಲ್ಲ, ನಮ್ಮ ಕಾರ್ಯದರ್ಶಿ. ಪೀಣ್ಯದ ಸಣ್ಣ ಕಾರ್ಖಾನೆಗಳವರು ಸೇರಿ ನಡೆಸುವ ತರಬೇತಿ ಕೇಂದ್ರ ನಮ್ಮದು. ಬಾಗಲಗುಂಟೆ, ದಾಸರಹಳ್ಳಿ ಕಡೆಯಿಂದ ಪಿಯುಸಿ ಮುಗಿಸಿದ, ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳು ಬರುತ್ತಾರೆ. ಲೋಹ ಕಡೆಯುವ ಈ ಲೇತುಗಳನ್ನು ಕಂಪ್ಯೂಟರಿನಿಂದ ಓಡಿಸುವುದನ್ನು ನಾನು ಕಲಿಸುತ್ತೇನೆ. ಕಾರ್ಯದರ್ಶಿಗೆ ಸ್ವಂತ ಗೇರ್ ಕಾರ್ಖಾನೆ ಇದೆ. ಕೆಟ್ಟವರಲ್ಲ, ಆದರೆ ಪುಕ್ಕಟೆ ಅಂದರೆ ಅವರ ಕಿವಿ ನೆಟ್ಟಗಾಗುತ್ತದೆ.

ಆರು ಲೇತುಗಳು ಮೇಜಿನ ಮೇಲೆ ಕೂರುವಷ್ಟು ಚಿಕ್ಕವು. ಯಾವುದೋ ವಿದೇಶಿ ಪಾಲಿಟೆಕ್ನಿಕ್‌ನವರು ತಮಗೆ ಹಳತಾಯಿತೆಂದು ದಾನವಾಗಿ ಕಳಿಸಿದ್ದವು. ಪ್ರತಿ ಲೇತಿನ ಪಕ್ಕ ಒಂದೊಂದು ಹಳೆಯ ಮನೆ ಕಂಪ್ಯೂಟರು: ಕೀಬೋರ್ಡು, ಕಂಪ್ಯೂಟರು ಎರಡೂ ಒಂದೇ ಪೆಟ್ಟಿಗೆಯಲ್ಲಿ. ಒಂದು ಕಾಲದಲ್ಲಿ ಜನ ಇದನ್ನು ಟೀವಿಗೆ ಸಿಕ್ಕಿಸಿ ಆಟ ಆಡುತ್ತಿದ್ದರಂತೆ. ನಮ್ಮಲ್ಲಿ ಅದು ಅಲ್ಯೂಮಿನಿಯಂ ಕತ್ತರಿಸುತ್ತದೆ. ಲೇತಿನ ಕಂಟ್ರೋಲ್ ಬೋರ್ಡಿಗೆ ಈ ಕಂಪ್ಯೂಟರಿನ ಭಾಷೆ ಬಿಟ್ಟು ಬೇರೆ ಗೊತ್ತಿಲ್ಲ. ಅದನ್ನು ಮಾಡಿದ ಕಂಪನಿಯೂ ಈಗಿಲ್ಲ. ಕಂಪ್ಯೂಟರು ಹೋದರೆ ಲೇತೂ ಹೋದ ಹಾಗೆ.

ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಕಂಪನಿಯವರು ಲ್ಯಾಪ್‌ಟಾಪ್ ಕೊಡುತ್ತೇವೆ ಎಂದಿದ್ದರು. ಜೊತೆಗೆ ಸಿಮ್ಯುಲೇಶನ್ ಸಾಫ್ಟ್‌ವೇರು, ಅಂದರೆ ಪರದೆಯ ಮೇಲೆ ಲೇತಿನ ಚಿತ್ರ ತಿರುಗುತ್ತದೆ, ಚಿತ್ರದ ಲೋಹ ಕತ್ತರಿಸುತ್ತದೆ. ಅದಕ್ಕೆ ಜಾಗ ಬೇಕಿತ್ತು.

"ಈ ಅಜ್ಜಂದಿರ್ನ ಇಟ್ಕೊಂಡು ಏನ್ಮಾಡ್ತೀರ ಮೇಡಂ?" ಅಂದರು ಕಾರ್ಯದರ್ಶಿ.

"ಲೋಹ ಕಟ್ ಮಾಡ್ತೀನಿ ಸಾರ್. ಲ್ಯಾಪ್‌ಟಾಪಲ್ಲಿ ಕಟ್ ಮಾಡೋ ಟೂಲು ತುಂಡು ಹಿಡ್ಕೊಂಡು ತಿರುಗೋ ಚಕ್‌ಗೆ ಹೊಡೆದ್ರೆ ಸ್ಕ್ರೀನ್ ಕೆಂಪಾಗತ್ತೆ ಅಷ್ಟೆ. ಇಲ್ಲಿ ಹೊಡೆದ್ರೆ ಎದೆ ಧಸಕ್ ಅನ್ನತ್ತೆ. ಆ ಧಸಕ್ ಗೊತ್ತಿಲ್ದೇ ಇರೋ ಹುಡುಗೀನ ನೀವು ನಿಮ್ ಫ್ಯಾಕ್ಟ್ರೀಲಿ ಮಿಷಿನ್ ಮುಂದೆ ನಿಲ್ಲಿಸ್ತೀರಾ?"

ನನ್ನ ಬಾಯಿ ಮುಚ್ಚಿಸುವ ಮಾತು ಅವರ ಬಳಿ ಇತ್ತು: "ಆರಲ್ಲಿ ಎಷ್ಟು ಓಡ್ತಿವೆ ಹೇಳಿ."

ಎರಡು. ಉಳಿದ ನಾಲ್ಕರ ತಪ್ಪೇನೂ ಇರಲಿಲ್ಲ, ಫ್ಲಾಪಿಗಳು ಸತ್ತಿದ್ದವು. ಪ್ರೋಗ್ರಾಂಗಳೆಲ್ಲ ಫ್ಲಾಪಿಯಲ್ಲಿದ್ದವು. ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಬೂಷ್ಟು ಹಿಡಿದ ಫ್ಲಾಪಿ ಹಾಕಿದರೆ ಡ್ರೈವಿನ ಹೆಡ್ಡು ಕೊಳೆಯಾಗಿ, ಆಮೇಲೆ ಹಾಕಿದ ಒಳ್ಳೆಯ ಫ್ಲಾಪಿಯನ್ನೂ ಕೆರೆಯುತ್ತಿತ್ತು.

"ದಸರಾ ಆದ್ಮೇಲೆ ಆ ಕಂಪ್ನಿ ಮೇಡಂ ವಿಸಿಟ್‌ಗೆ ಬರ್ತಾರೆ," ಅಂದರು ಕಾರ್ಯದರ್ಶಿ. "ಅವತ್ತು ಆರೂ ಒಟ್ಟಿಗೆ ಓಡ್ಬೇಕು. ಒಂದು ಕೈಕೊಟ್ರೂ ಗುಜರಿ. ಆಮೇಲೆ ನೀವು ಬಾಗ್ಲಿಗೆ ಅಡ್ಡ ನಿಂತ್ಕೊಳೋ ಹಾಗಿಲ್ಲ."

"ಆಯ್ತು," ಅಂದೆ. ಸಿಟ್ಟಿನಲ್ಲಿ ಒಪ್ಪಿಕೊಂಡ ಮಾತು ಅದು.

ಫ್ಲಾಪಿ ಬದಲು ಒಂದೊಂದು ಕಂಪ್ಯೂಟರಿಗೆ ಒಂದೊಂದು ಮೆಮರಿ ಕಾರ್ಡು ಸಿಕ್ಕಿಸಬಹುದಿತ್ತು. ಹಾಗೆ ಮಾಡಿದವರಿದ್ದಾರೆ. ನನಗೆ ಬೇಡವಾಗಿತ್ತು. ನಮ್ಮಲ್ಲಿ ಹುಡುಗಿ ಒಂದು ಕಡೆ ಕೂತು ಪ್ರೋಗ್ರಾಂ ಬರೆಯುತ್ತಾಳೆ, ಖಾಲಿ ಇರುವ ಲೇತು ಇನ್ನೊಂದು ಕಡೆ ಇರುತ್ತದೆ. ಉಗುರಿನಷ್ಟು ಕಾರ್ಡನ್ನು ಎಣ್ಣೆಗೈಯಲ್ಲಿ ಹಿಡಿದು ಓಡಾಡಿದರೆ, ಅದು ನೆಲದ ಮೇಲಿನ ಲೋಹದ ಚೂರುಗಳ ನಡುವೆ ಬಿದ್ದು ಸಂಜೆ ಕಸದ ಜೊತೆ ಹೋಗುತ್ತದೆ. ನನಗೆ ಬೇಕಿದ್ದದ್ದು ಆರೂ ಕಂಪ್ಯೂಟರುಗಳಿಗೆ ಒಂದೇ ಡಿಸ್ಕು. ಯಾರು ಎಲ್ಲಿ ಬರೆದರೂ, ಯಾವ ಲೇತಿನಿಂದ ಕರೆದರೂ ಸಿಗಬೇಕು.

ಇಂಥ ಹಳೆಯ ಯಂತ್ರಗಳ ಹುಚ್ಚಿನವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ. ತಾವು ಮಾಡಿದ ನಕ್ಷೆಗಳನ್ನು ಧಾರಾಳವಾಗಿ ಹಂಚುತ್ತಾರೆ. ಅಂಥದೊಂದನ್ನು ಹಿಡಿದು, ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ ಅಂಗಡಿಗಳಿಂದ ಸಾಮಾನು ತಂದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬೋರ್ಡುಗಳನ್ನು ಬೆಸುಗೆ ಹಾಕಿದೆ. ಒಂದೊಂದು ಬೋರ್ಡು ಒಂದೊಂದು ಕಂಪ್ಯೂಟರಿನ ಫ್ಲಾಪಿ ಡ್ರೈವಿನ ಜಾಗದಲ್ಲಿ ಕೂತಿತು. ಕಂಪ್ಯೂಟರಿಗೆ ಅದು ಡ್ರೈವು ಅಂತಲೇ ಭ್ರಮೆ. ಆರೂ ಬೋರ್ಡುಗಳಿಂದ ಒಂದು ತಂತಿ ಹೊರಟು ಮೂಲೆಯ ಪೆಟ್ಟಿಗೆಗೆ ಸೇರಿತು. ಆ ಪೆಟ್ಟಿಗೆಯಲ್ಲಿ ನಿಜವಾದ ಡಿಸ್ಕು, ಅಂದರೆ ಒಂದೇ ಒಂದು ಮೆಮರಿ ಕಾರ್ಡು, ಮತ್ತು ಕರೆಂಟು ಹೋದರೆ ಅದನ್ನು ಕಾಪಾಡಲು ಒಂದು ಪುಟ್ಟ ಬ್ಯಾಟರಿ.

ಮೊದಲ ಪೆಟ್ಟು ತಂತಿಯಿಂದ ಬಂತು. ಅಂದವಾಗಿ ಕಾಣಲೆಂದು ಅದನ್ನು ಮೋಟಾರಿನ ವೈರುಗಳ ಜೊತೆಗೇ ಕಟ್ಟಿದ್ದೆ. ಎರಡು ಲೇತು ತಿರುಗುವವರೆಗೆ ಎಲ್ಲ ಸರಿ. ಮೂರನೆಯದು ತಿರುಗಿದ್ದೇ ತಡ, ಮೋಟಾರುಗಳ ಕರೆಂಟಿನ ಗದ್ದಲ ತಂತಿಗೆ ನುಗ್ಗಿ ಪರದೆಗಳ ಮೇಲೆ ತಪ್ಪು, ತಪ್ಪು, ತಪ್ಪು. ಅಂದ ಹಾಳಾಗಲಿ ಅಂದುಕೊಂಡು ತಂತಿಯನ್ನು ಕಿತ್ತು, ಎದುರು ಗೋಡೆಗೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕಟ್ಟಿ ಅದರ ಮೇಲೆ ಎಳೆದೆ. ಎರಡೂ ತುದಿಗೆ ರೆಸಿಸ್ಟರ್ ಹಾಕಿದೆ, ಇಲ್ಲದಿದ್ದರೆ ಸಿಗ್ನಲ್ಲು ತುದಿಗೆ ಬಡಿದು ವಾಪಸ್ಸು ಬರುತ್ತದೆ. ವೇಗವನ್ನೂ ಅರ್ಧಕ್ಕಿಳಿಸಿದೆ. ಹಗ್ಗ ನೋಡಿದ ಕಾರ್ಯದರ್ಶಿ, "ಬಟ್ಟೆ ಒಗೆಯೋದೂ ಇಲ್ಲೇನಾ ಮೇಡಂ?" ಅಂದರು. "ನಿಮ್ ಶರ್ಟ್ ತನ್ನಿ ಸಾರ್, ಒಣಗಿಸಿ ಕೊಡ್ತೀನಿ," ಅಂದೆ.

ಆರೂ ಓಡಿದವು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹುಡುಗಿಯರು ಒಬ್ಬೊಬ್ಬರೂ ಒಂದೊಂದು ತುಂಡು ಮಾಡುವ ಪ್ರೋಗ್ರಾಂ ಬರೆದು ಆ ಡಿಸ್ಕಿಗೆ ಹಾಕತೊಡಗಿದರು. ಮೂರನೇ ಲೇತಿನ ಹುಡುಗಿ, ಎಡಗೈಯಲ್ಲಿ ಬರೆಯುವವಳು, ಸಿಲಿಂಡರು, ಬುಶ್ಶು ಎಲ್ಲ ಬೇಡವೆಂದು ಬುಗುರಿ ಮಾಡುತ್ತೇನೆಂದಳು. ಹೊಟ್ಟೆಯ ತಿರುವು ಸರಿಯಾಗಿ ಬರದೆ ಎಷ್ಟೋ ಬುಗುರಿಗಳು ಕುಂಟಿದವು. ಕೊನೆಗೆ ಒಂದು ನಿಂತು ತಿರುಗಿದಾಗ ಇಡೀ ವರ್ಕ್‌ಶಾಪು ಕೆಲಸ ಬಿಟ್ಟು ಸುತ್ತ ನೆರೆಯಿತು. ಭೇಟಿಯ ದಿನ ಎಲ್ಲರೂ ಅದನ್ನೇ ಮಾಡೋಣ ಅಂತ ಅವತ್ತೇ ತೀರ್ಮಾನವಾಯಿತು.

ಆಮೇಲೆ ಆಯುಧಪೂಜೆ ಬಂತು.

ಪೀಣ್ಯದಲ್ಲಿ ಆಯುಧಪೂಜೆ ಅಂದರೆ ಬರೀ ಹಬ್ಬವಲ್ಲ. ಸೀಮೆಎಣ್ಣೆಯಲ್ಲಿ ಲೇತುಗಳನ್ನು ತೊಳೆದು, ಚೆಂಡುಹೂವಿನ ಸರ ಹಾಕಿ, ವಿಭೂತಿ ಬಳಿದು ಕುಂಕುಮ ಇಟ್ಟೆವು. ಎಡಗೈ ಹುಡುಗಿ ಕುಂಕುಮದ ಬಟ್ಟಲು ಹಿಡಿದು ಮೂಲೆಯ ಪೆಟ್ಟಿಗೆಯ ಮುಂದೆ ನಿಂತಳು. "ಮೇಡಂ, ಡಿಸ್ಕ್‌ಗೆ ಎಲ್ಲಿ ಇಡೋದು?"

"ಪೆಟ್ಟಿಗೆ ಮೇಲೆ ಇಡಮ್ಮ. ಒಳಗೆ ಬೇಡ."

ನಮ್ಮಲ್ಲಿ ಒಂದು ಪದ್ಧತಿ ಇದೆ. ಎಲ್ಲ ಯಂತ್ರಗಳ ಸ್ವಿಚ್ಚನ್ನೂ ಮೊದಲೇ ಹಾಕಿಟ್ಟು ಮೇನ್ ಮಾತ್ರ ಆಫ್ ಮಾಡಿರುತ್ತೇವೆ. ಮಂಗಳಾರತಿ ಮುಗಿದು ಬೂದುಗುಂಬಳಕಾಯಿ ಒಡೆದ ಕೂಡಲೇ ಕಾರ್ಯದರ್ಶಿ ಮೇನ್ ಎತ್ತುತ್ತಾರೆ. ಎಲ್ಲವೂ ಒಟ್ಟಿಗೆ ಏಳಬೇಕು. ಉಳಿದ ದಿನಗಳಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ನಾನು ಒಂದೊಂದೇ ಲೇತಿನ ಬಳಿ ಹೋಗಿ, ಟೂಲು ನೋಡಿ, ಒಂದಾದ ಮೇಲೆ ಒಂದು ಹಾಕುತ್ತೇನೆ.

ಕಾಯಿ ಒಡೆಯಿತು, ಗಂಟೆ ಮೊಳಗಿತು, ಮೇನ್ ಎದ್ದಿತು. ಆರೂ ಕಂಪ್ಯೂಟರು ಒಂದೇ ಉಸಿರಿಗೆ ಎದ್ದು ಒಂದೇ ಡಿಸ್ಕಿಗೆ ಕೈ ಹಾಕಿದವು.

ಎದ್ದ ಕೂಡಲೇ ಪ್ರತಿ ಕಂಪ್ಯೂಟರು ತನ್ನ ಟೂಲು ಎಲ್ಲಿ ನಿಂತಿದೆ ಎಂಬ ಅಳತೆಯನ್ನು ಡಿಸ್ಕಿಗೆ ಬರೆಯುತ್ತದೆ. ಈ ಹಳೆಯ ಕಂಪ್ಯೂಟರಿಗೆ ಡಿಸ್ಕು ಅಂದರೆ ತನ್ನೊಬ್ಬನದು. ಇನ್ನೊಬ್ಬರು ಇದ್ದಾರೆಂಬ ಕಲ್ಪನೆಯೇ ಅದಕ್ಕಿಲ್ಲ. ಡಿಸ್ಕಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಓದಿಕೊಂಡು, ಖಾಲಿ ಜಾಗದಲ್ಲಿ ಬರೆದು, ಪಟ್ಟಿಯನ್ನು ತಿದ್ದಿ ವಾಪಸ್ಸು ಇಡುತ್ತದೆ. ಆರೂ ಒಂದೇ ಪಟ್ಟಿ ಓದಿದವು, ಒಂದೇ ಖಾಲಿ ಜಾಗ ಕಂಡವು, ಒಂದರ ಮೇಲೊಂದು ಬರೆದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತದಂತೆ. ಇಲ್ಲಿ ಆರು ಜನರ ಜಗಳದಲ್ಲಿ ಡಿಸ್ಕು ಸತ್ತೇ ಹೋಯಿತು. ಎರಡು ಪರದೆ ಎದ್ದವು, ಉಳಿದವುಗಳ ಮೇಲೆ ಕಸ. ಆಫ್ ಮಾಡಿ ಹಾಕಿದರೆ ಆ ಎರಡೂ ಹೋದವು.

ಮೂಲ ಪ್ರೋಗ್ರಾಂಗಳ ಪ್ರತಿ ನನ್ನಲ್ಲಿತ್ತು. ಹುಡುಗಿಯರು ಇಷ್ಟು ದಿನ ಬರೆದದ್ದು ಮಾತ್ರ ಅಲ್ಲೇ ಇತ್ತು, ಅಲ್ಲೇ ಹೋಯಿತು.

ಕಾರ್ಯದರ್ಶಿ ಬೈಯಲಿಲ್ಲ. ಪ್ರಸಾದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಎಡಗೈ ಹುಡುಗಿ ಬಂದು, "ನನ್ ಬುಗುರಿ ಹೋಯ್ತಾ ಮೇಡಂ?" ಅಂದಳು.

"ಹೋಯ್ತು ಕಣೇ."

ಒಂದು ಗಳಿಗೆ ಪರದೆ ನೋಡಿದಳು. "ಬಿಡಿ, ಮತ್ತೆ ಬರೀತೀನಿ. ತಲೇಲಿದೆ."

ನನಗೆ ಅಳು ಬಂದದ್ದು ಆಗ. ಸೋತದ್ದಕ್ಕಲ್ಲ, ಇವಳನ್ನು ಚಿತ್ರದ ಲೇತಿನ ಮುಂದೆ ಕೂರಿಸುತ್ತಾರಲ್ಲ ಎಂಬ ಸಂಕಟಕ್ಕೆ.

ಪೂಜೆಯ ಊಟಕ್ಕೆ ಪಕ್ಕದ ಹಾಲ್‌ನಲ್ಲಿ ಸಾಲಾಗಿ ನೆಲಕ್ಕೆ ಕೂತೆವು. ನನ್ನ ಎದುರು ಸಾಲಿನಲ್ಲಿ ಹಸಿದಿದ್ದ ಹುಡುಗಿಯೊಬ್ಬಳು, ಬಡಿಸುವ ಅಕ್ಕ ಪಕ್ಕದವರಿಗೆ ಹಾಕುತ್ತಿದ್ದಾಗ, ಕೋಸಂಬರಿಯ ಪಾತ್ರೆಗೆ ಉಣ್ಣುವ ಕೈಯನ್ನೇ ಚಾಚಿದಳು. ಅಕ್ಕ ಪಾತ್ರೆಯನ್ನು ಸೊಂಟಕ್ಕೆ ಎಳೆದುಕೊಂಡರು.

"ಏಯ್, ಎಂಜಲು ಕೈ! ಕೇಳು, ನಾನ್ ಹಾಕ್ತೀನಿ."

ಹುಟ್ಟಿದಾಗಿನಿಂದ ಕೇಳಿದ ಮಾತು. ಪಾತ್ರೆ ಎಲ್ಲರದು, ಆದರೆ ಯಾರ ಕೈಯೂ ಅದರೊಳಗೆ ಹೋಗುವ ಹಾಗಿಲ್ಲ. ಸೌಟು ಒಬ್ಬರ ಕೈಯಲ್ಲಿ. ಕಲಸುವುದು, ಚೆಲ್ಲುವುದು, ಕೆಡಿಸುವುದು ಏನಿದ್ದರೂ ಅವರವರ ಎಲೆಯಲ್ಲಿ.

ಎಲ್ಲರೂ ಓದಬಹುದು, ಯಾರೂ ಬರೆಯುವಂತಿಲ್ಲ ಎಂದು ಡಿಸ್ಕಿಗೆ ಬೀಗ ಹಾಕಬಹುದೆಂದು ಆ ನಕ್ಷೆಯವರೇ ಹೇಳಿದ್ದರು. ನನಗದು ಜಿಪುಣತನದಂತೆ ಕಂಡಿತ್ತು. ಹಂಚಿಕೊಳ್ಳುವುದು ಅಂದರೆ ಎಲ್ಲರ ಕೈಗೂ ಎಲ್ಲವೂ ಅಂತ ಹಟ ಹಿಡಿದಿದ್ದೆ. ಎಂಜಲಿನ ಲೆಕ್ಕ ಗೊತ್ತಿರುವ ಊರಿನಲ್ಲಿ ಹುಟ್ಟಿಯೂ ನನಗೆ ಹೊಳೆದಿರಲಿಲ್ಲ ನೋಡಿ. ಅರ್ಧ ಊಟಕ್ಕೇ ಎದ್ದುಬಿಟ್ಟೆ. "ಎಲೆ ಬಿಟ್ಟು ಏಳ್ತಾರೇನಮ್ಮ!" ಎಂದು ಅಕ್ಕ ಹಿಂದಿನಿಂದ ಕೂಗಿದರು.

ಇದ್ದ ಒಂದು ಡಿಸ್ಕನ್ನು ಪೆಟ್ಟಿಗೆಯೊಳಗೇ ಭಾಗ ಮಾಡಿದೆ. ಒಂದು ಎಲ್ಲರ ಪಾತ್ರೆ: ಲೇತು ಓಡಿಸುವ ಮೂಲ ಪ್ರೋಗ್ರಾಂಗಳು. ಆರೂ ಕಂಪ್ಯೂಟರು ಅದನ್ನು ಓದುತ್ತವೆ, ಒಂದೂ ಬರೆಯುವಂತಿಲ್ಲ. ಹೊಸದೇನಾದರೂ ಹಾಕಬೇಕಾದರೆ ಎಲ್ಲವನ್ನೂ ಆಫ್ ಮಾಡಿ ನಾನೊಬ್ಬಳೇ ಹಾಕಬೇಕು. ಉಳಿದ ಆರು ಭಾಗಗಳು ಆರು ಎಲೆಗಳು. ಕಂಪ್ಯೂಟರು ತನ್ನ ಎಲೆಯ ಮೇಲೆ ಬೇಕಾದ್ದು ಬರೆಯಲಿ, ಬೇರೆಯವರದನ್ನು ಬರೀ ನೋಡಲಿ. ಹಾಗಾಗಿ ಮೂರನೇ ಲೇತಿನಲ್ಲಿ ಬರೆದ ಬುಗುರಿಯನ್ನು ಐದನೆಯದರಲ್ಲಿ ಓಡಿಸುವುದಕ್ಕೆ ಈಗಲೂ ಅಡ್ಡಿ ಇರಲಿಲ್ಲ. ಎದ್ದ ಕೂಡಲೇ ಟೂಲಿನ ಅಳತೆ ಬರೆಯುವ ಸಾಲನ್ನು ತಿದ್ದಿ, ಸ್ವಂತ ಎಲೆಗೆ ತಿರುಗಿಸಿದೆ. ಬೀಗವನ್ನು ಹಾಕಿದ್ದು ಕಂಪ್ಯೂಟರಿನಲ್ಲಲ್ಲ, ಮೂಲೆಯ ಪೆಟ್ಟಿಗೆಯಲ್ಲೇ. ಹುಡುಗಿಯರ ಮೇಲೆ ನಂಬಿಕೆಯಿಲ್ಲ ಅಂತಲ್ಲ. ಹಸಿವಾದಾಗ ನನ್ನ ಕೈಯೂ ಪಾತ್ರೆಗೆ ಹೋಗುತ್ತದೆ.

ಆಮೇಲೆ ಮೇನ್ ಎಳೆಯುವುದು, ಎತ್ತುವುದು, ಎಳೆಯುವುದು, ಎತ್ತುವುದು. ಆರೂ ಒಟ್ಟಿಗೆ ಏಳುತ್ತವೋ ಇಲ್ಲವೋ ನೋಡುವುದು. ಹುಡುಗಿಯರು ಅದಕ್ಕೆ ಹೆಸರನ್ನೇ ಇಟ್ಟರು. ಬೆಳಿಗ್ಗೆ ಬಂದವರೇ, "ಮೇಡಂ, ಪೂಜೆ ಮಾಡಣ್ವಾ?" ಅನ್ನುತ್ತಿದ್ದರು. ಬುಗುರಿಯ ಪ್ರೋಗ್ರಾಂ ಎಲ್ಲರೂ ಹೊಸದಾಗಿ ಬರೆದರು. ಎಡಗೈಯವಳದು ಮೊದಲಿಗಿಂತ ಚಿಕ್ಕದಾಯಿತು, ಚೊಕ್ಕವೂ ಆಯಿತು.

ಭೇಟಿಯ ದಿನ ಕಂಪನಿಯ ಮೇಡಂ ಬಂದರು. ಹತ್ತಿ ಸೀರೆ, ಕೊರಳಲ್ಲಿ ಐಡಿ ಕಾರ್ಡು, ಒಳ್ಳೆಯ ಮಾತು. ಲ್ಯಾಪ್‌ಟಾಪುಗಳ ಡಬ್ಬಗಳನ್ನು ಹಾಲ್‌ನಲ್ಲಿ ಜೋಡಿಸಿ, ಒಂದನ್ನು ತೆಗೆದು ನಮ್ಮ ವರ್ಕ್‌ಶಾಪಿನ ಮೇಜಿನ ಮೇಲೆ ಸಿಮ್ಯುಲೇಶನ್ ಓಡಿಸಿಟ್ಟಿದ್ದರು. ಕಾರ್ಯದರ್ಶಿ ಗುಜರಿಯವರನ್ನೂ ಅಂದೇ ಬರಹೇಳಿದ್ದಾರೆಂದು ನನಗೆ ಗೊತ್ತಾದದ್ದು ಗೇಟಿನ ಹೊರಗೆ ಖಾಲಿ ಟೆಂಪೊ ನೋಡಿದಾಗ. ರಕ್ತ ಕುದಿಯಿತು. ನಮ್ಮ ಪರೀಕ್ಷೆಗೆ ಮೊದಲೇ ಹೆಣ ಹೊರುವವರನ್ನು ಕರೆಸಿದ್ದಾರಲ್ಲ!

ಹುಡುಗಿಯರು ಲೇತಿಗೆ ಅಲ್ಯೂಮಿನಿಯಂ ತುಂಡು ಕಟ್ಟಿದರು. ಐವರು ಓಡಿಸಲು ಶುರುಮಾಡಿದರು. ಎಡಗೈಯವಳು ಕೊನೆಯ ಗಳಿಗೆಯಲ್ಲಿ ಏನೋ ಒಂದು ಅಳತೆ ತಿದ್ದಿ ಉಳಿಸುತ್ತಿದ್ದಳು.

ಕರೆಂಟು ಹೋಯಿತು.

ಪೀಣ್ಯದಲ್ಲಿ ಅದೇನು ಹೊಸದಲ್ಲ. ನಮ್ಮ ಜನರೇಟರು ಆಫೀಸಿಗೆ ಮಾತ್ರ. ಲೇತುಗಳು ಗೊರ್ ಎಂದು ನಿಂತವು. ಪರದೆಗಳು ಕಪ್ಪಾದವು. ಮೇಜಿನ ಮೇಲಿನ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಸುಮ್ಮನೆ ಓಡುತ್ತಲೇ ಇತ್ತು.

"ನೋಡಿ, ಇದಕ್ಕೆ ಪವರ್ ಪ್ರಾಬ್ಲಮ್ಮೇ ಇಲ್ಲ," ಅಂದರು ಕಂಪನಿಯ ಮೇಡಂ, ನಗುತ್ತಾ.

"ಹೌದು ಮೇಡಂ. ಅದು ಏನೂ ಕಟ್ ಮಾಡ್ತಿಲ್ಲವಲ್ಲ," ಅಂದೆ.

ಕಾರ್ಯದರ್ಶಿ ಕೆಮ್ಮಿದರು. ಹುಡುಗಿಯರು ಮಾತ್ರ ಯಾರು ಹೇಳುವುದಕ್ಕೂ ಕಾಯದೆ, ಕೈಯಿಂದ ಚಕ್ರ ತಿರುಗಿಸಿ ಟೂಲುಗಳನ್ನು ತುಂಡಿನಿಂದ ಹಿಂದಕ್ಕೆ ಎಳೆದರು. ಕರೆಂಟು ಬಂದಾಗ ಟೂಲು ಲೋಹದಲ್ಲಿ ನೆಟ್ಟುಕೊಂಡಿದ್ದರೆ ಅದು ಮುರಿಯುತ್ತದೆ. ಇದನ್ನು ಕಂಪನಿಯ ಮೇಡಂ ಗಮನಿಸಿದರು. ಯಾಕೆ ಎಂದು ಒಬ್ಬಳನ್ನು ಕೇಳಿದರು. ಅವಳು ಒಂದೇ ಮಾತಿನಲ್ಲಿ, "ಮುರ್ದೋಗತ್ತೆ ಮೇಡಂ," ಅಂದಳು.

ನಾನು ಮೂಲೆಯ ಪೆಟ್ಟಿಗೆಯನ್ನೇ ನೋಡುತ್ತಾ ನಿಂತಿದ್ದೆ. ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಕರೆಂಟು ಬಂದರೆ ಆರೂ ಒಟ್ಟಿಗೆ ಏಳುತ್ತವೆ. ಈ ಸಲ ಮೇನ್ ಎತ್ತುವ ಕೈ ನನ್ನದಾಗಿರುವುದಿಲ್ಲ.

ಬಂತು. ಒಂದು, ಎರಡು, ಐದು ಪರದೆಗಳು ಎದ್ದು ಹೆಸರು ಹೇಳಿ ನಿಂತವು. ಪಾತ್ರೆಗೆ ಏನೂ ಆಗಿರಲಿಲ್ಲ. ಉಳಿದಿದ್ದ ಮೂರನೇ ಲೇತಿನದೂ ಎದ್ದಿತು. ಆದರೆ ಎಡಗೈಯವಳು ತನ್ನ ಎಲೆ ತೆರೆದರೆ ಬರೀ ಕಸ. ಉಳಿಸುತ್ತಿದ್ದಾಗಲೇ ಕರೆಂಟು ಹೋಗಿತ್ತು; ಬ್ಯಾಟರಿ ಇದ್ದದ್ದು ಪೆಟ್ಟಿಗೆಗೆ, ಅವಳ ಕಂಪ್ಯೂಟರಿಗಲ್ಲ, ಅರ್ಧ ಬರೆದ ಪಟ್ಟಿ ಅರ್ಧಕ್ಕೇ ನಿಂತಿತ್ತು. ಉಳಿದ ಐದು ಲೇತುಗಳು ಮೊದಲಿನಿಂದ ಕತ್ತರಿಸಲು ಶುರುಮಾಡಿದವು.

"ಐದು," ಅಂದರು ಕಾರ್ಯದರ್ಶಿ, ಮೆಲ್ಲಗೆ.

"ತಡೀರಿ ಸಾರ್."

ಅವಳ ಎಲೆಯನ್ನು ಅಳಿಸಿ ಹೊಸದು ಹಾಸಿಕೊಟ್ಟೆ. ಪಕ್ಕದವಳ ಎಲೆಯಲ್ಲಿ ಅದೇ ಥರದ ಬುಗುರಿ ಇತ್ತು, ಅದನ್ನು ತೆಗೆದುಕೋ ಅಂದೆ. ಅವಳು ತಲೆ ಅಲ್ಲಾಡಿಸಿದಳು. "ಬೇಡ ಮೇಡಂ. ನಂದೇ ಬರೀತೀನಿ." ಕೂತು ಟೈಪ್ ಮಾಡತೊಡಗಿದಳು. ಎಲ್ಲಿಯೂ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ.

ಕಂಪನಿಯ ಮೇಡಂ ಅವಳ ಹಿಂದೆ ಬಂದು ನಿಂತರು. "ಬಾಯಿಪಾಠಾನಾ?"

"ಎರಡ್ ಸಲ ಹೋಗಿದೆ ಮೇಡಂ. ಇನ್ ಮರಿಯಲ್ಲ."

ಐದು ಬುಗುರಿಗಳ ಹೊಟ್ಟೆ ಇನ್ನೂ ಮೂಡುತ್ತಿದ್ದಾಗ ಮೂರನೇ ಲೇತು ತಿರುಗಿತು. ಆರೂ ಸದ್ದು ಒಂದಾಯಿತು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಗಲಾಟೆ ಕೇಳಿಲ್ಲ. ಕಾರ್ಯದರ್ಶಿಯ ಕಡೆ ತಿರುಗಿ ಆರು ಬೆರಳು ತೋರಿಸಿದೆ. ಸಣ್ಣತನ ಅನ್ನಿ, ಖುಷಿಯಾಯಿತು.

ಲ್ಯಾಪ್‌ಟಾಪುಗಳನ್ನು ನಾನು ಬೇಡ ಅನ್ನಲಿಲ್ಲ. ಕೊಡುವುದನ್ನು ಬಿಡಲು ನನಗೇನು ಹುಚ್ಚೇ? ಹಾಲ್‌ನಲ್ಲಿ ಇಡಿ, ಅವುಗಳನ್ನೂ ಇದೇ ಪೆಟ್ಟಿಗೆಗೆ ಸೇರಿಸುತ್ತೇನೆ, ಹುಡುಗಿಯರು ಅಲ್ಲಿ ಬರೆದು ಇಲ್ಲಿ ಕತ್ತರಿಸಲಿ ಅಂದೆ. ಕಂಪನಿಯ ಮೇಡಂ ಆಗಬಹುದು ಅಂದರು. ಕಾರ್ಯದರ್ಶಿ, "ಮುಂದಿನ್ ವರ್ಷ ಮತ್ತೆ ನೋಡಣ," ಅಂದರು. "ನೋಡಣ ಸಾರ್," ಅಂದೆ. ಅವರು ಬುಗುರಿಯೊಂದನ್ನು ಮೇಜಿನ ಮೇಲೆ ತಿರುಗಿಸಿ, ಅದು ಬೀಳುವವರೆಗೂ ಅಲ್ಲಿಂದ ಕದಲಲಿಲ್ಲ.

ಗುಜರಿಯವರು ಅಷ್ಟು ಹೊತ್ತೂ ಬಾಗಿಲಲ್ಲಿ ಕಾದಿದ್ದರು. ಚಪ್ಪಲಿ ಈ ಸಲವೂ ಹೊರಗೆ. ಕಾರ್ಯದರ್ಶಿ ಹೊರಗೆ ಹೋಗಿ, ಸುಮ್ಮನೆ ಕರೆಸಿದೆನೆಂದು ಸಂಕೋಚಪಟ್ಟರು. ನಾನು ಬೂಷ್ಟು ಹಿಡಿದ ಫ್ಲಾಪಿಗಳ ಮೂಟೆಯನ್ನೂ ಲ್ಯಾಪ್‌ಟಾಪುಗಳನ್ನು ಹೊರತೆಗೆದ ಮೇಲೆ ಉಳಿದ ಖಾಲಿ ರಟ್ಟಿನ ಡಬ್ಬಗಳನ್ನೂ ತೋರಿಸಿದೆ. ಗುಜರಿಯವರು ಎಲ್ಲವನ್ನೂ ಟೆಂಪೊಗೆ ಹೇರಿದರು. ಹೊರಡುವ ಮುಂಚೆ ಮತ್ತೊಮ್ಮೆ ಒಳಗೆ ಬಂದು ಮೂರನೇ ಲೇತಿನ ಮುಂದೆ ನಿಂತರು. ಈ ಸಲ ನಾನು ತಡೆಯಲಿಲ್ಲ. ಅವರೇ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಓಡ್ತಿರೋ ಮಿಷಿನ್‌ನ ನಾನ್ ಮುಟ್ಟಲ್ಲ ಮೇಡಂ," ಅಂದರು.